ಬಲಗಡೆಯ ಡಿಸ್ಕಿನಲ್ಲಿ ಉಳಿದವರು

ಇವತ್ತು ಬೆಳಿಗ್ಗೆ ಮಗಳ ಹಳೆಯ ಕಂಪ್ಯೂಟರಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿ ಕಾಫಿ ಲೋಟ ಅಲ್ಲೇ ಇಟ್ಟೆ. ನೀವಾದರೆ ಗೋಡೆಯ ಹಲ್ಲಿ ಅಂದುಕೊಂಡು ಸುಮ್ಮನಾಗುತ್ತಿದ್ದಿರಿ. ನಾನು ಇಪ್ಪತ್ತು ವರ್ಷದಿಂದ ಆ ಸದ್ದಿಗೆ ಹೆದರಿಕೊಂಡೇ ಇದ್ದೇನೆ.

ಆಗ ಕೊಳ್ಳೇಗಾಲದ ಒಂದು ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಹನೂರು, ಯಳಂದೂರು ಕಡೆಯ ಮನೆಮಂದಿಗೆ ಫೋಟೊ ಇರುವ ಕಾರ್ಡ್ ಮಾಡಿಕೊಡುವ ಕೆಲಸ. ಹೊಸ ಮೆಷಿನ್ನಿಗೆ ಹೆಸರು, ಫೋಟೊಗಳನ್ನು ಉಳಿಸಿಡುವ ಡಿಸ್ಕು ಎರಡು. ಎರಡಕ್ಕೂ ಹಂಚಿ ಬರೆಸಿದರೆ ಇದ್ದ ಜಾಗವೆಲ್ಲ ಕೈಗೆ ಸಿಗುತ್ತದೆ, ವೇಗವೂ ಜಾಸ್ತಿ. ಒಂದು ಕೆಟ್ಟರೆ ಮಾತ್ರ ಎಲ್ಲವೂ ಹೋಯಿತು. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಸಿದರೆ ಅರ್ಧ ಜಾಗ ಹೋಗುತ್ತದೆ, ಬರೆಯುವ ವೇಗವೂ ಹೆಚ್ಚುವುದಿಲ್ಲ. ಆದರೆ ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ. ಮೂರು ಡಿಸ್ಕಿದ್ದರೆ ಒಂದರಷ್ಟು ಜಾಗ ಮಾತ್ರ ಬಿಟ್ಟುಕೊಟ್ಟು ಕಾಪಾಡಿಕೊಳ್ಳುವ ಉಪಾಯವೂ ಇತ್ತಂತೆ, ಅದೆಲ್ಲ ನಮ್ಮಂಥ ಸೆಂಟರಿಗೆಲ್ಲಿ? ಪುಕ್ಕಲು ಮಾಲೀಕರು ಜೋಡಿ ಬರೆಸುವುದನ್ನೇ ಆರಿಸಿದರು. ಇನ್ನು ಸೀಡಿ ಯಾಕೆ ಎಂದು ಬೇರೆ ಕಾಪಿ ಇಡುವುದನ್ನು ನಿಲ್ಲಿಸಿದೆವು.

ಯಾರಾದರೂ ತೀರಿಕೊಂಡರೆ ಹೆಸರು, ಫೋಟೊ ಅಳಿಸುವವನು ನಾನು. ಮಾರ್ಟಳ್ಳಿಯ ಮಾದೇವಯ್ಯ ತಮ್ಮ ಹೆಂಡತಿ ಪುಟ್ಟಮ್ಮನವರ ಕಾರ್ಡ್ ತಂದುಕೊಟ್ಟ ದಿನ ಅವರನ್ನೂ ಅಳಿಸಿದೆ, ಕಾರ್ಡನ್ನು ಕತ್ತರಿಸಿ ಹಾಕಿದೆ. ಪಿತೃಪಕ್ಷ ಹತ್ತಿರವಾದಾಗ ಮಾದೇವಯ್ಯ ಮತ್ತೆ ಬಂದರು.

"ಎಡೆ ಇಕ್ಕಕ್ಕೆ ಪಟ ಇಲ್ಲ ಸಾ. ಅವ್ಳು ಪಟ ತೆಗಿಸ್ಕಂಡಿದ್ದೇ ನಿಮ್ ಕಾರ್ಡ್‌ಗೆ."

ಒಂದರಲ್ಲಿ ಅಳಿಸಿದರೆ ಎರಡರಲ್ಲೂ ಅಳಿಸಿಹೋಗುತ್ತದೆ ಎಂದು ನಾನು ದೊಡ್ಡ ಬುದ್ಧಿವಂತನ ಹಾಗೆ ವಿವರಿಸಿದೆ.

"ಅಂಗಾದ್ರೆ ಎರಡ್ರಲ್ಲೂ ಸತ್ತೋದ್ಲಾ ಸಾ?"

ಸೇರಿಸಿದವರು, ಅಳಿಸಿದವರನ್ನೆಲ್ಲ ಬರೆದಿಡುವ ರಿಜಿಸ್ಟರನ್ನು ಮುಚ್ಚಿಟ್ಟೆ.

ಒಂದು ವಾರ ಕಳೆದಿರಬಹುದು. ಕರೆಂಟು ಹೋಗಿ ಬಂದ ಒಂದು ಮಧ್ಯಾಹ್ನ ಎಡಗಡೆಯ ಡಿಸ್ಕು ಟಿಕ್ ಟಿಕ್ ಅಂದು ನಿಂತೇಹೋಯಿತು. ಮೆಷಿನ್ನು ಬಲಗಡೆಯದರಿಂದ ಶುರುವಾಯಿತು. ಮಾಲೀಕರು ದೇವರಿಗೆ ಕೈಮುಗಿದರು. ನಾನು ಪಟ್ಟಿ ತೆರೆದೆ.

ಪುಟ್ಟಮ್ಮ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು. ಕೆಳಗೆ ಸರಿದಂತೆಲ್ಲ, ಈಚೆಗೆ ನಾನು ಅಳಿಸಿದ್ದ ಒಬ್ಬೊಬ್ಬರೂ ಬಂದು ತಮ್ಮ ತಮ್ಮ ಮನೆಯ ಸಾಲಿನಲ್ಲಿ ಕೂತಿದ್ದರು. ಗಾಬರಿಯಿಂದ ನಮ್ಮ ಮನೆಯ ಸಾಲು ನೋಡಿದೆ. ಎರಡು ತಿಂಗಳ ಹಿಂದೆ, ಹುಟ್ಟಿದ ವಾರವೇ ಆಸೆಪಟ್ಟು ಸೇರಿಸಿದ್ದ ನನ್ನ ಮಗಳು ಅಲ್ಲಿರಲಿಲ್ಲ.

ವಿಷಯ ಆಮೇಲೆ ತಿಳಿಯಿತು. ಬಲಗಡೆಯ ಡಿಸ್ಕು ನಾಲ್ಕು ತಿಂಗಳ ಹಿಂದೆಯೇ ಜೊತೆ ಬಿಟ್ಟಿತ್ತು. ಆವತ್ತಿನಿಂದ ಅದರಲ್ಲಿ ಏನೂ ಬರೆದಿರಲಿಲ್ಲ, ಏನೂ ಅಳಿಸಿರಲಿಲ್ಲ. ಮೆಷಿನ್ನು ದಿನಾ ಬೆಳಿಗ್ಗೆ ಅದನ್ನು ಒಂದು ಇಂಗ್ಲಿಷ್ ಸಾಲಿನಲ್ಲಿ ಹೇಳುತ್ತಲೇ ಇತ್ತು. ನಾನು ಓದದೆ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ.

ರಿಜಿಸ್ಟರ್ ನೋಡಿಕೊಂಡು ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಮಗಳನ್ನು ಮೊದಲು ಸೇರಿಸಿದೆ. ಸತ್ತವರನ್ನು ಒಬ್ಬೊಬ್ಬರನ್ನಾಗಿ ಎರಡನೆಯ ಸಲ ಅಳಿಸಿದೆ. ಪುಟ್ಟಮ್ಮನವರನ್ನು ಹಾಗೇ ಬಿಟ್ಟು, ಫೋಟೊ ಪ್ರಿಂಟ್ ತೆಗೆದು, ಬಸ್ ಕಂಡಕ್ಟರ್ ಕೈಲಿ ಮಾರ್ಟಳ್ಳಿಗೆ ಹೇಳಿಕಳಿಸಿದೆ. ಎಡೆಗೆ ಇನ್ನೆರಡು ದಿನವಿತ್ತು.

ಮಾದೇವಯ್ಯ ಬಂದು ಪಟವನ್ನು ಕಣ್ಣಿಗೊತ್ತಿಕೊಂಡರು. ಪರದೆಯ ಮೇಲೂ ಅದೇ ಮುಖವಿತ್ತು.

"ಅವತ್ತು ನಾನ್ ಬಂದಾಗ್ಲೂ ಇಲ್ಲೇ ಇದ್ಲಾ?"

"ಇದ್ದರು" ಅಂದೆ. ಹೇಳಲು ನಾಚಿಕೆಯಾಯಿತು.

"ಈಗ ಅಳಿಸ್ಬೇಕಾ?"

ಹೌದೆಂದು ತಲೆಯಾಡಿಸಿದೆ.

"ಕಾರ್ಡ್ ಕೊಟ್ಟಾಗ ಅಳಿಸ್ತೀರ ಅಂತ ನಂಗ್ ಗೊತ್ತಾಗ್ನಿಲ್ಲ. ಈ ಸತಿ ನಾನೇ ಕಳಿಸ್ತೀನಿ ಬುಡಿ."

ಗುಂಡಿ ತೋರಿಸಿದೆ. "ಓಗ್ಬುಟ್ ಬಾ ಕಣಮ್ಮಿ" ಎಂದು ಮೆಲ್ಲಗೆ ಹೇಳಿ ಅವರೇ ಒತ್ತಿದರು.

ಈಗ ಮಗಳು ಟಿಕ್ ಟಿಕ್ ಅನ್ನುವ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಪರದೆಯಲ್ಲಿ ಒಂದು ಇಂಗ್ಲಿಷ್ ಸಾಲು ಬಂದಿದೆ, ಅವಳ ಬೆರಳು ಗುಂಡಿಯ ಮೇಲಿದೆ. ನಾನು ಓಡಿಹೋಗಿ ಅವಳ ಕೈ ಹಿಡಿದುಕೊಂಡೆ.

"ತಡಿಯಮ್ಮ, ಮೊದಲು ಓದು. ಒಳಗೆ ಯಾರಿದ್ದಾರೋ."