ಆ ಕುಣಿಗಲ್ ಸಾರು

ಮದುವೆಯಾದ ಮೇಲಿನ ಎಂಟು ವರ್ಷ ನಾನು ಒಂದು ಸಾರಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಬದುಕಿದೆ. ಓಣಿಯ ಬೇರೆ ಹೆಂಗಸರಿಗೆ ಗಂಡನ ಇಸ್ಪೀಟು, ಬೀಡಿ, ಇಲ್ಲವೇ ಅತ್ತೆಯ ಬಾಯಿ. ನನಗೆ ಕುಣಿಗಲ್‌ನ ಒಂದು ಮಿಲಿಟರಿ ಹೋಟೆಲಿನ ಮಟನ್ ಸಾರು.

ನಮ್ಮ ಯಜಮಾನರಿಗೆ ತುಮಕೂರಿನಲ್ಲಿ ಸರ್ಕಾರಿ ಕೆಲಸ, ಜಮೀನು ಅಳೆಯುವುದು. ತಿಂಗಳಿಗೆ ಒಂದೆರಡು ಸಲ ಕುಣಿಗಲ್, ಹುಲಿಯೂರುದುರ್ಗದ ಕಡೆ ಕ್ಯಾಂಪ್ ಬೀಳುತ್ತಿತ್ತು. ಆಗೆಲ್ಲ ಮಧ್ಯಾಹ್ನದ ಊಟ ಆ ಹೋಟೆಲಿನಲ್ಲಿ. ಇತ್ತ ನಾನು ಭಾನುವಾರ ಬೆಳಿಗ್ಗೆಯೇ ಒರಳಿನ ಮುಂದೆ ಕೂತು, ತೋಳು ಬಿದ್ದುಹೋಗುವ ಹಾಗೆ ಕಾಯಿ ಮಸಾಲೆ ಅರೆದು, ಸಾರು ಕಾಯಿಸಿ, ಮುದ್ದೆ ಕಟ್ಟಿ ಬಡಿಸಿದರೆ, ಮೊದಲ ತುತ್ತು ನುಂಗಿ ತಲೆಯಾಡಿಸಿ ಅವರು ಹೇಳುತ್ತಿದ್ದ ಮಾತು ಒಂದೇ. "ಚೆನ್ನಾಗೈತೆ ಕಣೇ. ಆದ್ರೆ ಆ ಕುಣಿಗಲ್ ಸಾರು ಐತಲ್ಲ..."

ಆ 'ಆದ್ರೆ' ಕೇಳಿದ ಮೇಲೆ ನನಗೆ ನನ್ನ ಸಾರೇ ರುಚಿಸುತ್ತಿರಲಿಲ್ಲ. ನನ್ನ ತವರು ಗುಬ್ಬಿ ಕಡೆಯ ಕಡಬ. ಅಲ್ಲಿ ನಮ್ಮದು ನಾಲ್ಕು ತೆಂಗಿನ ಮರದ ಸಂಸಾರ, ಚಿನ್ನ ಬೆಳ್ಳಿ ಹೊತ್ತು ತಂದವಳಲ್ಲ ನಾನು. ಹೆಮ್ಮೆಪಡುವುದಕ್ಕೆ ಅಂತ ತಂದದ್ದು ಅಮ್ಮನ ಕೈರುಚಿಯೊಂದನ್ನೇ. ಅದಕ್ಕೂ ಯಾರೋ ಮೀಸೆ ಹೊತ್ತ ಅಡುಗೆ ಭಟ್ಟ ಪ್ರತಿ ಭಾನುವಾರ ಹೆಸರಿಡುತ್ತಿದ್ದಾನೆ ಎಂದರೆ ಹೇಗೆ ಸಹಿಸಿಕೊಳ್ಳುವುದು? ಆ ಭಟ್ಟನನ್ನು ನಾನು ನೋಡಿರಲಿಲ್ಲ, ಆದರೂ ಅವನ ಮೀಸೆ ನನಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಕ್ಕಳಿಬ್ಬರೂ ರಜೆಗೆ ಕಡಬದಲ್ಲಿ ಅಜ್ಜಿಯ ಹತ್ತಿರ ಇದ್ದರು. ಬೆಂಗಳೂರಿನಿಂದ ವರ್ಗವಾಗಿ ಬಂದ ಸಾಹೇಬರೊಬ್ಬರು ಮದುವೆಯಾಗಿ ವರ್ಷ ತುಂಬಿದ ದಿನಕ್ಕೆ ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋದರಂತೆ. ಆ ಸುದ್ದಿ ಆಫೀಸಿನಲ್ಲೆಲ್ಲ ಹರಡಿ, ನಮ್ಮವರ ತಲೆಗೂ ಹೊಕ್ಕಿತು. ನಮ್ಮಿಬ್ಬರಿಗೂ ನಮ್ಮ ಮದುವೆಯ ತಾರೀಖು ಗೊತ್ತಿರಲಿಲ್ಲ. ರಾಗಿ ಕೊಯ್ಲು, ಮಾವಿನ ಕಾಲ, ಹೀಗೆ ನಮ್ಮ ಲೆಕ್ಕ. ಕೊನೆಗೆ ಸೋದರಮಾವ ಮದುವೆಗೆ ಕೊಟ್ಟ ಸ್ಟೀಲ್ ಬಿಂದಿಗೆ ಬೋರಲು ಹಾಕಿ, ಹೆಸರಿನ ಜೊತೆ ಕೊರೆಸಿದ್ದ ತಾರೀಖು ನೋಡಿದೆವು. ಬರುವ ಭಾನುವಾರವೇ! ಹಿಂದಿನ ದಿನ ಎರಡನೇ ಶನಿವಾರ, ಆಫೀಸಿಗೆ ರಜೆ.

"ಏನ್ ಬೇಕು ಹೇಳು. ಸೀರೆನಾ?" ಅಂದರು.

"ಆ ಕುಣಿಗಲ್ ಸಾರು ಬೇಕು. ಅಲ್ಲೇ ಕೂತ್ಕೊಂಡು ತಿನ್ಬೇಕು."

ಅವರು ನಕ್ಕರು. ನಾನು ನಗಲಿಲ್ಲ ಎಂದು ಗೊತ್ತಾದ ಮೇಲೆ ಗಾಬರಿಯಾದರು. "ಲೇ, ಮಿಲಿಟರಿ ಹೋಟ್ಲಿಗೆ ಹೆಂಗಸ್ರು ಹೋಗಲ್ಲ ಕಣೇ. ಲಾರಿ ಡ್ರೈವರ್‌ಗಳು, ಸಂತೆ ಜನ ಬರೋ ಜಾಗ ಅದು."

"ಹಂಗಾದ್ರೆ ಆ ಸಾರೂ ನಮ್ಮನೆಗೆ ಬರಬಾರ್ದು. ಎಂಟು ವರ್ಷದಿಂದ ಪ್ರತಿ ಭಾನುವಾರ ಬಂದು ತಟ್ಟೆ ಪಕ್ಕ ಕೂತ್ಕೊಳ್ತದಲ್ಲ!"

ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಅದು ನನ್ನ ಸಾರಿಗಿಂತ ಮೇಲಿದ್ದರೆ ಒಪ್ಪಿಕೊಂಡು ಬಾಯಿ ಮುಚ್ಚಿಕೊಳ್ಳುವುದು. ಇಲ್ಲದಿದ್ದರೆ ಇವರ ಬಾಯಿ ಮುಚ್ಚಿಸುವುದು. ಎರಡರಲ್ಲಿ ಒಂದು ಆಗಲೇಬೇಕು.

ಶನಿವಾರ ನಮ್ಮಲ್ಲಿ ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಆ ದಿನ ಬರೀ ತಿಂಡಿ, ಕಾಫಿ ಎಂದು ಹೊರಟೆವು. ತುಮಕೂರಿನ ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಹಲಗೆ ಅಡ್ಡ ಹೊಡೆದ ಗೂಡಿನೊಳಗೆ, ಎದುರುಬದುರು ಕೂತೆವು. ಮನೆಯಲ್ಲಿ ಅವರು ಉಂಡೆದ್ದ ಮೇಲೆಯೇ ನನ್ನ ಊಟ. ಅವರ ಎದುರು ನಾನೂ ಬಾಯಿ ಆಡಿಸಿದ್ದು ಅದೇ ಮೊದಲು. ನಾಚಿಕೆಯಾಯಿತು, ಖುಷಿಯೂ ಆಯಿತು. ದೋಸೆ ಗರಿಗರಿಯಾಗಿತ್ತು, ಮೇಲೆ ಬೆಣ್ಣೆ ಕರಗುತ್ತಿತ್ತು. ನಮ್ಮವರು ಅರ್ಧ ದೋಸೆ ಮುಗಿಸಿ, "ಚೆನ್ನಾಗೈತೆ. ಆದ್ರೆ ಗುಬ್ಬಿ ಸ್ಟೇಷನ್ ಹತ್ರ ಒಂದು ಹೋಟ್ಲೈತೆ, ಅಲ್ಲಿ ದೋಸೆ ಅಂದ್ರೆ ದೋಸೆ," ಅಂದರು.

"ನಡೀರಿ ಹಂಗಾದ್ರೆ," ಎಂದೆ. ಆವತ್ತು ನನಗೆ ಎಲ್ಲದಕ್ಕೂ ಧೈರ್ಯ.

ರೈಲು ಹತ್ತಿ ಗುಬ್ಬಿಗೆ ಹೋದೆವು. ಕಿಟಕಿಯಿಂದ ಇಂಜಿನ್ನಿನ ಇದ್ದಿಲ ಪುಡಿ ಕಣ್ಣಿಗೆ ಬಿತ್ತು. ಅವರು ಕರವಸ್ತ್ರದ ತುದಿಯನ್ನು ಬಾಯಿಯ ಬಿಸಿಗೆ ಹಿಡಿದು ನನ್ನ ಕಣ್ಣಿಗೆ ಒತ್ತಿದರು. ಎದುರಿನ ಸೀಟಿನ ಮುದುಕಿ ನಮ್ಮನ್ನೇ ನೋಡುತ್ತಿದ್ದರೂ ಕೈ ತೆಗೆಯಲಿಲ್ಲ. ಗುಬ್ಬಿಯಲ್ಲಿ ಇಳಿದು ಆ ಹೋಟೆಲಿನಲ್ಲಿ ಮತ್ತೆ ದೋಸೆ, ಜೊತೆಗೆ ಲೋಟದ ತುಂಬ ನೊರೆಯೆದ್ದ ಕಾಫಿ. ಎರಡು ತುತ್ತು ತಿಂದು ನಮ್ಮವರು ಗೋಡೆ ನೋಡುತ್ತ ಹೇಳಿದರು. "ಚೆನ್ನಾಗೈತೆ. ಆದ್ರೆ ಬೆಳಿಗ್ಗೆ ತುಮಕೂರಲ್ಲಿ ತಿಂದ್ವಲ್ಲ, ಆ ಗರಿ ಇದ್ರಲ್ಲಿಲ್ಲ."

ನನಗೆ ಕಾಫಿ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಅರ್ಧ ಕೆಮ್ಮು, ಅರ್ಧ ನಗು. "ಯಾಕೆ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಲ್ಲಿಗೇ ನನಗೆ ಎಲ್ಲ ಹೊಳೆಯಬೇಕಿತ್ತು. ಆದರೆ ತಲೆಯ ತುಂಬ ಕುಣಿಗಲ್ಲೇ ಇದ್ದಾಗ ಬೇರೆ ಏನು ಹೊಳೆಯುತ್ತದೆ?

ಭಾನುವಾರ ತಲೆಗೆ ನೀರು ಹಾಕಿಕೊಂಡು, ಮದುವೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಸ್ಸು ಹತ್ತಿದೆ. ದೇವಸ್ಥಾನಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದೆನೇನೋ, ಪಕ್ಕದಲ್ಲಿದ್ದ ಹೆಂಗಸು, "ಯಡಿಯೂರಿಗಾ?" ಎಂದು ಕೇಳಿದಳು. "ಇಲ್ಲ, ಕುಣಿಗಲ್‌ಗೆ. ಸ್ವಲ್ಪ ಕೆಲ್ಸ ಐತೆ," ಎಂದೆ. ನಮ್ಮವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

ಹೋಟೆಲು ಬಸ್ ಸ್ಟ್ಯಾಂಡಿನ ಹಿಂದೆ, ಹೆಂಚಿನ ಮನೆಯಲ್ಲಿತ್ತು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದ್ದೆ ಮುರಿಯುತ್ತಿದ್ದವನು ಹಾಗೇ ಕೈ ನಿಲ್ಲಿಸಿ ಕೂತ. ಗಲ್ಲಾದ ಮೇಲಿದ್ದ ಮಾಲೀಕ ದಡಬಡಿಸಿ ಎದ್ದು, ನಮ್ಮವರ ಮುಖ ನೋಡಿ, ನನ್ನ ಮಲ್ಲಿಗೆ ನೋಡಿ, "ತಾಯಿ, ಇಲ್ಲಿ ಬೇಡಿ. ಒಳಗೆ, ಅಡುಗೆಮನೇಲಿ ಕೂತ್ಕಳಿ, ನಮ್ಮೆಂಗಸ್ರು ಅವ್ರೆ," ಎಂದ. ನಮ್ಮವರು ಹೊರಗೆ ಬೆಂಚಿನ ಮೇಲೆ ಉಳಿದರು. ನಾನು ಒಬ್ಬಳೇ ಒಳಗೆ ಹೋದೆ.

ಮೀಸೆಯ ಭಟ್ಟ ಅಲ್ಲಿ ಇರಲೇ ಇಲ್ಲ. ಸೌದೆ ಒಲೆಯ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬಾಕೆ ದೊಡ್ಡ ಪಾತ್ರೆಯಲ್ಲಿ ಸೌಟು ತಿರುವುತ್ತಿದ್ದಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ಕಡ್ಡಿಯಂತಹ ಮೈ. ಮಾಲೀಕನ ಹೆಂಡತಿ. ಎಂಟು ವರ್ಷ ನಾನು ಬೈದುಕೊಂಡ ಸಾರು ಈ ಹೆಂಗಸಿನ ಕೈಯದು!

ಮಣೆ ಹಾಕಿ, ಎಲೆ ಹಾಸಿ, ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟಳು. ನನ್ನ ಸಾರಿನ ಹಾಗೆ ಕಾಯಿ ಹಾಕಿ ಮಂದ ಮಾಡಿದ್ದಲ್ಲ. ತೆಳ್ಳಗೆ, ಮೆಣಸಿನ ಘಾಟು, ಹುರಿದ ಈರುಳ್ಳಿಯ ವಾಸನೆ. ತುತ್ತು ಅದ್ದಿ ನುಂಗಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ನನ್ನದಕ್ಕಿಂತ ಮೇಲೋ ಕೆಳಗೋ ಹೇಳಲಾಗದಷ್ಟು ಬೇರೆಯಾಗಿತ್ತು. ಸೋತೆ ಎಂದೇ ಅನ್ನಿಸಿತು. ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದೆ. ಸಪ್ಪೆ ಮುಖ ಮಾಡಿಕೊಂಡೇ ಮುದ್ದೆ ಅರ್ಧ ಮುಗಿಸಿದೆ.

ಆಕೆ ಬಾಗಿಲ ಸಂದಿಯಿಂದ ಹೊರಗೆ ಇಣುಕಿ ನಮ್ಮವರನ್ನು ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

"ಓ, ಅಳತೆಯವ್ರ ಮನೆಯವ್ಳಾ ನೀನು? ಕಾಯಿ ಅರೆದು ಸಾರು ಮಾಡೋಳು ನೀನೇ ಏನವ್ವಾ?"

"ಹೂಂ. ನಿಮ್ಗೆ ಹೆಂಗ್ ಗೊತ್ತು?"

"ಹೆಂಗ್ ಗೊತ್ತಾ?" ಆಕೆ ಸೌಟು ಬದಿಗಿಟ್ಟಳು. "ನಿಮ್ಮೆಜಮಾನ್ರು ಬಂದಾಗೆಲ್ಲಾ ಎರಡು ಮುದ್ದೆ ಉಣ್ತಾರೆ, ಬೆರಳು ನೆಕ್ತಾರೆ. ಆಮೇಲೆ ಏನಂತಾರೆ ಗೊತ್ತಾ? 'ಚೆನ್ನಾಗೈತೆ. ಆದ್ರೆ ನಮ್ಮನೇಲಿ ಕಾಯಿ ಅರೆದು ಮಾಡೋ ಸಾರಿನ ಮುಂದೆ ಇದೇನೂ ಅಲ್ಲ' ಅಂತಾರೆ. ಕೇಳಿ ಕೇಳಿ ನಂಗೆ ಹೊಟ್ಟೆ ಉರ್ದೋಗೈತೆ ಕಣವ್ವ! ಅದ್ಯಾವಳು, ಅದೆಂಥ ಸಾರು ಅಂತ ಒಂದಿನ ನೋಡ್ಬೇಕು ಅಂತಿದ್ದೆ."

ನನಗೆ ತುತ್ತು ಕೈಯಲ್ಲೇ ಉಳಿಯಿತು. ಆಕೆಯ ಮುಖ ನೋಡಿದೆ. ಎಂಟು ವರ್ಷ ಆ ಊರಿನಲ್ಲಿ ಆಕೆ, ಈ ಊರಿನಲ್ಲಿ ನಾನು, ಒಂದೇ 'ಆದ್ರೆ'ಯ ಮೇಲೆ ಬೆಂದಿದ್ದೆವು. ಮೊದಲು ನಕ್ಕವಳು ಯಾರೋ ನೆನಪಿಲ್ಲ. ಇಬ್ಬರೂ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊರಗಿನಿಂದ ಮಾಲೀಕ, "ಏನಮ್ಮೀ ಅದು?" ಎಂದು ಕೂಗಿದ. "ಏನಿಲ್ಲ, ನೀನು ಗಲ್ಲಾ ನೋಡ್ಕೊ," ಎಂದಳು ಆಕೆ. ಆಮೇಲೆ ಕೂತು ಕಾಯಿ ಎಷ್ಟು, ಗಸಗಸೆ ಎಷ್ಟು ಎಂದು ಕೇಳಿ ತಿಳಿದುಕೊಂಡಳು. ಮೆಣಸನ್ನು ಯಾವಾಗ ಹಾಕಬೇಕೆಂದು ನನಗೆ ಹೇಳಿಕೊಟ್ಟಳು. ಹೊರಡುವಾಗ ಕುಂಕುಮ ಕೊಟ್ಟು, ನನ್ನ ಎಲೆಯನ್ನು ತಾನೇ ಎತ್ತಿದಳು.

ಬೀದಿಗೆ ಬಂದ ಮೇಲೆ ನಮ್ಮವರು ಗೋಲಿ ಸೋಡಾ ಕೊಡಿಸಿದರು. ಗೋಲಿ ಒತ್ತಿದ ಸದ್ದು ಇಳಿದ ಮೇಲೆ ಕೇಳಿದರು. "ಹೆಂಗಿತ್ತು? ನಾನ್ ಹೇಳ್ಲಿಲ್ವಾ?"

"ಹೇಳಿದ್ರಿ. ಅಲ್ಲೂ ಹೇಳಿದ್ರಂತಲ್ಲ."

ಬಾಟ್ಲಿ ಬಾಯಲ್ಲೇ ನಿಂತಿತು. ಕಿವಿಯವರೆಗೂ ಕೆಂಪಾದರು. ನಾನು ಬಿಡಲಿಲ್ಲ. "ಊರೋರ್ ಮುಂದೆ ಹೇಳೋ ಮಾತು ಮನೇಲಿ ಹೇಳೋಕೆ ಏನ್ ರೋಗ ನಿಮ್ಗೆ?"

ಅವರು ಬಾಟ್ಲಿಯನ್ನು ಅಂಗಡಿಯವನಿಗೆ ವಾಪಸ್ ಕೊಟ್ಟರು. ಆಮೇಲೆ ಮೆಲ್ಲಗೆ, "ಎದುರಿಗೆ ಹೆಂಗೆ ಹೇಳಾದು ಕಣೇ, ಒಂಥರಾ ಆಗ್ತದೆ," ಅಂದರು. ಆ ಒಂದು ಮಾತಿಗೆ ನನ್ನ ಎಂಟು ವರ್ಷದ ಸಿಟ್ಟು ಇಳಿದುಹೋಯಿತು. ಅದನ್ನು ಮಾತ್ರ ನಾನೂ ಅವರ ಎದುರಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಎಂದಿನ ಹಾಗೆ ಕಾಯಿ ಅರೆದೆ, ಸಾರು ಕಾಯಿಸಿದೆ. ಬೇರೆ ಮಾಡಿದ್ದು ಒಂದೇ, ನನ್ನ ತಟ್ಟೆಯನ್ನೂ ಅವರ ಎದುರಿಗೇ ಇಟ್ಟುಕೊಂಡು ಕೂತೆ. ಅವರು ಮೊದಲ ತುತ್ತು ನುಂಗಿದರು, ತಲೆಯಾಡಿಸಿದರು.

"ಚೆನ್ನಾಗೈತೆ ಕಣೇ. ಆದ್ರೆ..."

ಅಷ್ಟಕ್ಕೇ ನಿಂತರು. ನಾನೂ ಕೈ ನಿಲ್ಲಿಸಿ ಅವರ ಮುಖವನ್ನೇ ನೋಡಿದೆ.

"ಆದ್ರೆ ಏನು?"

ಅವರು ತಟ್ಟೆ ಮುಂದೆ ತಳ್ಳಿದರು. "ಆದ್ರೆ... ಇನ್ನೊಂದ್ ಸೌಟು ಬುಡು."