ಐಸ್‌ಲ್ಯಾಂಡಿಗೆ ಕಟ್ಟಿದ ಪೆಟ್ಟಿಗೆ

ನಾವು ದೋಹಾದಲ್ಲಿ ಬೆಳೆದ ಆ ಕಾಲದಲ್ಲಿ ರಜೆ ಅಂದರೆ ಉಡುಪಿ, ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಮುಐದರ್ ಬಡಾವಣೆಯಲ್ಲಿ ನಾಲ್ಕು ಸಂಸಾರ ಹಂಚಿಕೊಂಡ ವಿಲ್ಲಾದಲ್ಲಿ ನಮಗೆ ಎರಡು ಕೋಣೆ. ಪಪ್ಪ ವೆಸ್ಟ್ ಬೇಯ ಒಂದು ಟ್ರಾವೆಲ್ ಆಫೀಸಿನಲ್ಲಿ, ಸೆಕೆಗೆ ಬೇಸತ್ತವರಿಗೆ ಐಸ್‌ಲ್ಯಾಂಡ್ ಪ್ರವಾಸ ಮಾರುತ್ತಿದ್ದರು. ತಾವು ನೋಡಿದ್ದು ಬ್ರೋಷರ್ ಮಾತ್ರ.

ಸಂಜೆಯಾದರೆ ಅಡುಗೆಮನೆಯಿಂದ ಬಂಗುಡೆ ಹುರಿಯುವ ವಾಸನೆ. ನಾನೂ ತಮ್ಮನೂ ಗಿರಾಕಿಗಳಾಗಿ ಚಾಪೆ ಮೇಲೆ ಕೂರುತ್ತಿದ್ದೆವು. "ಮರವೇ ಇಲ್ಲ ಸರ್. ಕಪ್ಪು ಕಲ್ಲು, ಕಪ್ಪು ಮರಳು, ಎತ್ತರದ ಜಲಪಾತ. ಜೂನಿನಲ್ಲಿ ಕತ್ತಲೆಯೇ ಆಗುವುದಿಲ್ಲ" ಅನ್ನುತ್ತಿದ್ದರು ಪಪ್ಪ, ಕೈ ಬೀಸಿ. ನೆಲದಿಂದ ಬಿಸಿನೀರು ಚಿಮ್ಮುತ್ತದೆ ಅಂದಾಗ ತಮ್ಮ, "ನಮ್ಮ ಬಾತ್‌ರೂಮಿನಲ್ಲೂ ಬರ್ತದಲ್ಲ" ಅಂದ. ನಿಜವೇ. ಬೇಸಿಗೆಯಲ್ಲಿ ನಲ್ಲಿ ನೀರು ಮೈ ಸುಡುತ್ತಿತ್ತು. ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ತಣಿದ ನೀರಿನಲ್ಲಿ ನಮ್ಮ ಸ್ನಾನ.

ನನ್ನ ಒಂಬತ್ತನೇ ವಯಸ್ಸಿನಲ್ಲಿ ಆಫೀಸಿನವರು ಪಪ್ಪನಿಗೆ, ಸಂಸಾರ ಸಮೇತ ಐಸ್‌ಲ್ಯಾಂಡಿಗೆ ಹೋಗಿ ಬನ್ನಿ, ಟಿಕೆಟ್ ನಮ್ಮದು ಅಂದರು. ಶಾಲೆಯಲ್ಲಿ ನಾನು ಹೇಳದೆ ಬಿಟ್ಟವರಿಲ್ಲ.

ಮಮ್ಮಿ ಮಾತ್ರ ಪ್ರತಿ ವರ್ಷ ಊರಿನವರಿಗೆ ಕಟ್ಟುವಂತೆ ರಟ್ಟಿನ ಪೆಟ್ಟಿಗೆ ತಂದು ಹಾಲಿನ ಪುಡಿ, ಸಾಬೂನು, ನೋವಿನ ಮುಲಾಮು, ಚಾಕಲೇಟು ತುಂಬತೊಡಗಿದರು.

ಪಪ್ಪನಿಗೆ ನಗು ತಡೆಯಲಾಗಲಿಲ್ಲ. "ಎಂತ ಮಾರಾಯ್ತಿ ಇದು? ಅಲ್ಲಿ ಯಾರಿಗೆ ಕೊಡುವುದು?"

"ಮತ್ತೆ ಬರಿಗೈಯಲ್ಲಿ ವಿಮಾನ ಹತ್ತುವುದಾ?" ಅಂದ ಮಮ್ಮಿ ಇನ್ನೊಂದು ಸಾಬೂನು ಒಳಗೆ ತುರುಕುತ್ತಾ, "ಅಲ್ಲಿ ನಮಗೆ ಯಾರಿದ್ದಾರೆ? ಯಾರೂ ಇಲ್ಲದ ಊರಿಗೆ ಎಂತಕ್ಕೆ ಹೋಗುವುದು?" ಅಂದರು.

ಆದರೂ ಹಗ್ಗ ಬಿಗಿದರು. ಪೆಟ್ಟಿಗೆ ಮೇಲೆ ಊರು ಬರೆಯುವ ಕೆಲಸ ಯಾವಾಗಲೂ ನನ್ನದು. ಮಾರ್ಕರಿನಲ್ಲಿ ದಪ್ಪಕ್ಕೆ ಐಸ್‌ಲ್ಯಾಂಡ್ ಅಂತ ಬರೆದೆ.

ಆ ವಾರವೇ ಉಡುಪಿಯಿಂದ ಫೋನು ಬಂತು. ಪಪ್ಪನ ತಂಗಿಗೆ ಮದುವೆ ಗೊತ್ತಾಗಿತ್ತು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ಅಜ್ಜ ಇಲ್ಲದ ಮನೆಯಲ್ಲಿ ಹಿರಿಯಣ್ಣನೇ ನಿಲ್ಲಬೇಕು. ರಜೆ ಇದ್ದದ್ದು ವರ್ಷಕ್ಕೆ ಒಂದೇ. "ಖಲಾಸ್, ಬರುವ ವರ್ಷ ಹೋಗುವ" ಅಂದು ಪಪ್ಪ ನನ್ನ ಅಕ್ಷರದ ಮೇಲೆ ಗೆರೆ ಎಳೆದು ಮಂಗಳೂರು ಅಂತ ಬರೆದರು. ನಾನು ಪೆಟ್ಟಿಗೆ ಮೇಲೆ ಕೂತು ಅಳುತ್ತಿದ್ದೆ. ಮಮ್ಮಿಯ ಮುಖದಲ್ಲಿ ಸಮಾಧಾನ ಕಂಡು ಸಿಟ್ಟು ಇನ್ನೂ ಏರಿತು.

ಆಮೇಲೆ ಪ್ರತಿ ರಜೆಗೂ ಯಾರದೋ ಮದುವೆ, ಯಾರದೋ ಸಾವು.

ಈಗ ನಾನು ದೋಹಾದ ಹತ್ತಿರದ ಹಮದ್ ಬಂದರಿನ ಆಫೀಸಿನಲ್ಲಿ ದಿನವಿಡೀ ಯಾರ್ಯಾರದೋ ಸರಕಿನ ಕಾಗದ ನೋಡಿ, ಸುಸ್ತಾಗಿ ಮನೆಗೆ ಬರುತ್ತೇನೆ. ಮಮ್ಮಿ ತೀರಿಕೊಂಡು ಎರಡು ವರ್ಷವಾಯಿತು. ಪಪ್ಪ ನನ್ನ ಜೊತೆಗಿದ್ದಾರೆ. ಮೊನ್ನೆ ರಜೆ ಮಂಜೂರಾದಾಗ, "ಪಪ್ಪ, ಈ ಸಲ ಐಸ್‌ಲ್ಯಾಂಡಿಗೆ ಹೋಗುವ" ಅಂದೆ.

ಒಂದು ಕಾಲಕ್ಕೆ ಚಾಪೆ ಮೇಲೆ ಆ ದೇಶವನ್ನೇ ಹರಡುತ್ತಿದ್ದ ಮನುಷ್ಯ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲಿ ನಮಗೆ ಯಾರಿದ್ದಾರೆ, ಮಗಾ?"

ಮಂಗಳೂರಿಗೇ ಎರಡು ಟಿಕೆಟ್ ಮಾಡಿದೆ. ಊರಲ್ಲಿ ಮಮ್ಮಿಯ ಸಮಾಧಿ ಉಂಟು. ಅಲ್ಲಿಗೆ ಎಂಥ ಸಾಬೂನು, ಎಂಥ ಚಾಕಲೇಟು. ಈ ಸಲ ಬರಿಗೈಯಲ್ಲೇ ವಿಮಾನ ಹತ್ತುವುದು.