ಶಿವಸಂಗಪ್ಪ ಕಟ್ಟಿದ ಗೋಲಿನ ಬಲೆ

“ನಾ ಕಟ್ಟಿದ ನೆಟ್ಟಿನೊಳಗ ಹೋದ ಬಾಲು, ನನ್ನ ಕೇಳದ ಹೊರಗ ಬರಾಂಗಿಲ್ಲ. ಬೇಕಾದ್ರ ಬರಕೊಳ್ರಿ.”

ಹೀಗೆಂದವನು ಇಳಕಲ್ಲಿನ ನೇಕಾರ ಶಿವಸಂಗಪ್ಪ. ಹೇಳಿದ್ದು ಅಂದಾನಪ್ಪನ ಚಹಾದಂಗಡಿಯ ಬಾಕಿನ ಮೇಲೆ ಕೂತು. ಬರೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಹಿಂದಿನ ಹತ್ತು ವರ್ಷ ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರೆ ಆ ವಹಿಗಳನ್ನು ಇಡಲು ಬಾದಾಮಿಯಲ್ಲಿ ಇನ್ನೊಂದು ಗುಹೆ ಕೊರೆಯಬೇಕಾಗುತ್ತಿತ್ತು.

ಶಿವಸಂಗಪ್ಪನಿಗೆ ಈಗ ಅರವತ್ತೆರಡು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತೈದು ವರ್ಷ ಸೀರೆ ನೇಯ್ದವನು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸದಲ್ಲಿ ಅವನ ಬೆರಳು ಎಷ್ಟು ಚುರುಕೆಂದರೆ, ಒಮ್ಮೆ ಕೊಂಡಿ ಹಾಕುತ್ತ ಹಾಕುತ್ತ ಪಕ್ಕದಲ್ಲಿ ಮಲಗಿದ್ದ ಬೆಕ್ಕಿನ ಮೀಸೆಯನ್ನೂ ಸೆರಗಿಗೆ ಸೇರಿಸಿಬಿಟ್ಟಿದ್ದ. ಆ ಸೀರೆ ಉಟ್ಟ ಹೆಂಗಸಿನ ಮನೆಯಲ್ಲಿ ಇವತ್ತಿಗೂ ಇಲಿಗಳಿಲ್ಲ.

ಆದರೆ ಊರಿನಲ್ಲಿ ಅವನ ಹೆಸರು ನಡೆಯುವುದು ಸೀರೆಯಿಂದಲ್ಲ, ಫುಟ್‌ಬಾಲಿನಿಂದ. ಸ್ವತಃ ಆಡಿದವನೇನಲ್ಲ. ಹುಡುಗನಾಗಿದ್ದಾಗ ಒಂದೇ ಒಂದು ಸಲ ಒದ್ದಿದ್ದನಂತೆ. ಚೆಂಡು ಅಲ್ಲೇ ಉಳಿದು ಚಪ್ಪಲಿ ಗೋಲಾಯಿತು. ಅಂದಿನಿಂದ ನೋಡುವುದಕ್ಕೇ ನಿಂತ.

ನಮ್ಮೂರ ಟೀಮಿನಲ್ಲಿ ಇರುವವರು ಪಾವರ್‌ಲೂಮಿನ ಹುಡುಗರು, ಗ್ರಾನೈಟಿಗೆ ಪಾಲಿಶ್ ಹೊಡೆಯುವ ಇಬ್ಬರು, ಗ್ಯಾರೇಜಿನವರು. ದೀಪಾವಳಿ ಮುಗಿದ ಮೇಲೆ ಊರ ಹೊರಗಿನ ಮೈದಾನದಲ್ಲಿ ಹದಿನೈದು ದಿನ ಬೆಳಿಗ್ಗೆ ಕ್ಯಾಂಪು. ಅದಾದ ಮೇಲೆ ಹುನಗುಂದದಲ್ಲಿ ಟೂರ್ನಮೆಂಟು. ಅಲ್ಲಿ ಮೊದಲನೇ ಮ್ಯಾಚು ಸೋತು ಎಲ್ಲರೂ ಊಟದ ಹೊತ್ತಿಗೆ ಮನೆಗೆ ಬರುವುದು ಪದ್ಧತಿ. ಹತ್ತು ವರ್ಷದಿಂದ ಈ ಪದ್ಧತಿಗೆ ಭಂಗ ಬಂದಿರಲಿಲ್ಲ. ಹತ್ತೂ ವರ್ಷದಲ್ಲಿ ನಮ್ಮವರು ಹೊಡೆದ ಗೋಲುಗಳ ಸಂಖ್ಯೆ ಸೊನ್ನೆ.

ವರ್ಷದ ಮುನ್ನೂರೈವತ್ತು ದಿನ ಶಿವಸಂಗಪ್ಪ ನಮ್ಮ ನಿಮ್ಮಂಥ ಮನುಷ್ಯ. ಆ ಹದಿನೈದು ದಿನ ಮಾತ್ರ ಬೇರೆ. ಕೋಳಿ ಕೂಗುವುದಕ್ಕೂ ಮೊದಲೇ ಏಳುತ್ತಾನೆ. ಓಣಿಯ ಕೋಳಿಗಳು ಅವನ ಕೆಮ್ಮು ಕೇಳಿ ಏಳುತ್ತವೆ. ನೆನೆಸಿದ ಶೇಂಗಾ ತುಂಬಿದ ಡಬ್ಬಿ ಹಿಡಿದು ಹೋಗಿ ಗೋಲಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಾನೆ. ಓಡಿ ಬಂದವರಿಗೆ ಒಂದೊಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಹತ್ತು ಗಂಟೆಗೆ ಅಂದಾನಪ್ಪನ ಅಂಗಡಿಗೆ ಬಂದು ವರದಿ ಒಪ್ಪಿಸುತ್ತಾನೆ.

“ಈ ಸಲ ಕಪ್ಪು ನಮ್ದ.”

“ಪ್ರ್ಯಾಕ್ಟೀಸಿಗೆ ಎಷ್ಟು ಮಂದಿ ಬಂದಿದ್ರಲೇ?” ಎಂದು ಅಂದಾನಪ್ಪ ಕೇಳುತ್ತಾನೆ. ಇಬ್ಬರೂ ಒಂದೇ ಸಾಲೆಯಲ್ಲಿ, ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು.

“ಆರು ಮಂದಿ.”

“ಉಳಿದ ಐದು?”

“ಮಲಗ್ಯಾರ. ಮಲಗಲಿ ಬಿಡು, ನಿದ್ದಿ ಅಂದ್ರ ಶಕ್ತಿ. ಹುನಗುಂದದಾಗ ತಗೀತಾರ ಅದನ್ನ.”

“ಮುತ್ತುರಾಜ ಹೆಂಗ ಹೊಡೀತಾನು?”

ಮುತ್ತುರಾಜ ಟೀಮಿನ ಕ್ಯಾಪ್ಟನ್. ಕಾಲಿನಲ್ಲಿ ಬಲವಿದೆ, ದಿಕ್ಕು ಕಡಿಮೆ. ಅವನು ಒದ್ದ ಚೆಂಡು ಮೇಲೆ ಹೋದ ಮೇಲೆ ಅಂದಾನಪ್ಪ ಒಂದು ಕಪ್ಪು ಚಹಾ ಸೋಸಿ, ಕುಡಿದು, ಕಪ್ಪು ತೊಳೆದಿಟ್ಟ ನಂತರವೇ ಅದು ನೆಲಕ್ಕೆ ಬೀಳುತ್ತಿತ್ತು, ಅದೂ ಪಕ್ಕದೂರು ಗುಡೂರಿನ ಕಡೆಗೆ.

“ಇವತ್ತ ಹತ್ತು ಹೊಡದ, ಹತ್ತೂ ಮ್ಯಾಲ ಹೋದವು,” ಎಂದ ಶಿವಸಂಗಪ್ಪ. “ಭಾಳ ಚಲೋ ಆತು. ತಪ್ಪು ಅನ್ನೂವೆಲ್ಲಾ ಇಲ್ಲೇ ಖರ್ಚಾಗಿ ಹೋಗಾಕ ಹತ್ಯಾವು.”

ಮನೆಯಲ್ಲಿ ಅವನ ಹೆಂಡತಿ ಕಾಳವ್ವ ಕೇಳುವ ಪ್ರಶ್ನೆಗಳು ಇದಕ್ಕಿಂತ ಸಣ್ಣವು, ಆದರೆ ಚುಚ್ಚುವಂಥವು.

“ಇವತ್ತ ನಮ್ಮ ಟೀಮು ಗೆದ್ದೈತಿ,” ಎಂದ ಒಂದು ದಿನ.

“ಯಾರ ಮ್ಯಾಲ್ರಿ?”

“ನಮ್ಮವ್ರ ಎರಡು ಭಾಗ ಆಗಿ ಆಡಿದ್ರು.”

“ಹಂಗಾರ ಸೋತವ್ರು ಯಾರು?”

“ಅವ್ರೂ ನಮ್ಮವ್ರ. ಆದ್ರೂ ಗೆದ್ದೇವಲ್ಲ!”

ಕಾಳವ್ವ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತುವ ರಾಟಿ ನಿಲ್ಲಿಸಿದಳು. ಮಗ್ಗದ ಸಪ್ಪಳವಿಲ್ಲದ ಬೆಳಗು ಅವಳಿಗೆ ಸೇರುವುದಿಲ್ಲ. ಸುತ್ತಿದ ಕಂಡಿಕೆಗಳು ಬುಟ್ಟಿ ತುಂಬಿ ಒಲೆಯವರೆಗೂ ಉರುಳುತ್ತಿದ್ದರೂ ನೇಯುವವನು ಮಾತ್ರ ಮೈದಾನದ ಕಲ್ಲಿನ ಮೇಲೆ.

“ಏನ್ರಿ, ಹತ್ತು ವರ್ಷ ಸುಮ್ಮನಿದ್ದೆ. ನಿಮ್ಮ ಟೀಮು ಕಪ್ಪು ತರೂದು ಬ್ಯಾಡ, ಮ್ಯಾಚ್ ಗೆಲ್ಲೂದೂ ಬ್ಯಾಡ. ಒಂದ ಒಂದು ಗೋಲು ಹೊಡೀಲಿ. ಹೊಡೀಲಿಲ್ಲಂದ್ರ ಮುಂದಿನ ವರ್ಷದಿಂದ ನಿಮ್ಮ ಕ್ಯಾಂಪು ಬಂದ್.”

“ಒಂದ್ಯಾಕ, ನಾಕು ಹೊಡೀತಾರ!”

“ಹಂಗಾರ ಲಾಳಿ ಮುಟ್ಟಿ ಹೇಳ್ರಿ.”

ಶಿವಸಂಗಪ್ಪ ಲಾಳಿಯ ಕಡೆ ಚಾಚಿದ ಕೈ ಹಿಂದೆ ತೆಗೆದ. ಬಾಯಲ್ಲಿ ಹೇಳಿದ್ದನ್ನು ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಲಾಳಿ ಮುಟ್ಟಿ ಹೇಳಿದ ಮೇಲೆ ನೇಕಾರನಿಗೆ ತಿರುಗಿ ಬರುವ ದಾರಿಯಿಲ್ಲ. ಆ ಹದಿನೈದು ಬೆಳಗುಗಳು ಹೋದರೆ ವರ್ಷದಲ್ಲಿ ತನಗೆ ಉಳಿಯುವುದೇನು ಎಂದು ಲೆಕ್ಕ ಹಾಕಿದನೋ ಏನೋ. ಆದರೂ ಮುಟ್ಟಿದ. ಮುಟ್ಟಿ ಹೇಳಿದ.

ಇದಾದ ಮೂರನೇ ದಿನ ಮುತ್ತುರಾಜ ಹೊಸ ಸುದ್ದಿ ತಂದ. “ಕಾಕಾ, ಹುನಗುಂದದವ್ರ ಕಡೆ ಈ ಸಲ ಬರೇ ಕಂಬ ಅದಾವಂತ. ಆಡೂ ಟೀಮಿನವ್ರು ಒಂದೊಂದು ನೆಟ್ಟು ತರಬೇಕಂತ. ನಮ್ಮ ಹಳೇ ನೆಟ್ಟಿನ ತೂತಿನ್ಯಾಗ ಎಮ್ಮಿ ಹಾದು ಹೋಗ್ತೈತಿ.”

“ಊರ ತುಂಬ ನೇಕಾರರು ಇರಬೇಕಾದ್ರ ನೆಟ್ಟಿಗೆ ಚಿಂತಿ ಮಾಡ್ತಿಯಲ್ಲೋ!” ಎಂದ ಶಿವಸಂಗಪ್ಪ. ಅವತ್ತೇ ಕೆಂಪು ನೈಲಾನ್ ದಾರ ತಂದು ಕಟ್ಟಲು ಕೂತ. ಎಂಟು ದಿನ ಗಂಟು ಹಾಕಿದ್ದೇ ಹಾಕಿದ್ದು. ಬಲೆಯ ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲಿನಷ್ಟು ದೊಡ್ಡದಾದರೂ ಬಿಚ್ಚಿ ಮತ್ತೆ ಹಾಕಿದ. ಮುಗಿಸಿ ತಂದು ಮೈದಾನದಲ್ಲಿ ಹರವಿದಾಗ ಹುಡುಗರು ಬೂಟು ಕಳಚಿ ದೂರ ನಿಂತು ನೋಡಿದರು. ಮದುಮಗಳಿಗೆ ಉಡಿಸಬಹುದಿತ್ತು, ಹಾಗಿತ್ತು. ಬಾಕಿನ ಮೇಲೆ ಕೂತು ಆ ಮೊದಲಿನ ಮಾತು ಹೇಳಿದ್ದು ಅವತ್ತು.

ಮ್ಯಾಚಿನ ದಿನ ಟೆಂಪೋದಲ್ಲಿ ಟೀಮಿನ ಜೊತೆ ನಾವು ನಾಲ್ಕಾರು ಮಂದಿಯೂ ಹೊರಟೆವು. ಕಾಳವ್ವನೂ ಹತ್ತಿದಳು. “ನನ್ನ ಕಣ್ಣಿಲೆ ನೋಡ್ತೇನಿ. ಆಮ್ಯಾಲ ಅದ ಇದ ಅನ್ನಬಾರದು ನೋಡ್ರಿ,” ಎಂದಳು. ಜೊತೆಗೆ ಪಕ್ಕದ ಮನೆಯ ಕಾಸಿಂಬಿಯನ್ನೂ ಕರೆದುಕೊಂಡಿದ್ದಳು.

ಎದುರಾಳಿ ಬಾಗಲಕೋಟೆಯವರು. ಅವರು ತಂದದ್ದು ಹಿನ್ನೀರಿನಲ್ಲಿ ಮೀನು ಹಿಡಿದು ಹಿಡಿದು ದಣಿದ ಹಳೆಯ ಬಲೆ. ಕಂಬಕ್ಕೆ ಕಟ್ಟಿದರೆ ಒಣಹಾಕಿದ ಲುಂಗಿಯಂತೆ ಜೋತುಬಿತ್ತು. ಅದನ್ನು ಕಂಡು ಶಿವಸಂಗಪ್ಪನಿಗೆ ಕೆಡುಕೆನಿಸಿತು. ಎದುರಾಳಿಯೇ ಆದರೂ ಸಡಿಲು ಹಾಸು ಕಣ್ಣಲ್ಲಿ ನೋಡಲಾಗುವುದಿಲ್ಲ. ತನ್ನ ಬಲೆಯನ್ನು ಇನ್ನೊಂದು ತುದಿಯ ಕಂಬಕ್ಕೆ ತಾನೇ ಕಟ್ಟಿದ. ಮಗ್ಗದ ಹಾಸು ಎಳೆದು ನಿಲ್ಲಿಸುವ ಹಾಗೆಯೇ ಹಿಂದೆ ಗೂಟ ಬಡಿದು, ಹಗ್ಗ ಹಾಕಿ, ಕಾಲು ಕೊಟ್ಟು ಎಳೆದ. ಬೆರಳಿನಿಂದ ಬಾರಿಸಿದರೆ ಏಕತಾರಿಯಂತೆ ನುಡಿಯಿತು. ಒಂದು ನೊಣ ಬಂದು ಕೂತಿತು. ಚಿಮ್ಮಿದ್ದು ಅಮೀನಗಡದಲ್ಲಿ ಕರದಂಟಿನ ಮೇಲೆ ಇಳಿಯಿತೆಂದು ಆಮೇಲೆ ಸುದ್ದಿ ಬಂತು.

“ಕಾಕಾ, ಸ್ವಲ್ಪ ಸಡಲ ಬಿಡಬೇಕೇನೋ,” ಎಂದ ಮುತ್ತುರಾಜ.

“ಸಡಲ ಬಿಡಾಕ ಇದೇನು ಗೋಣಿಚೀಲಾನ?”

ಮೊದಲ ಅರ್ಧ ಎರಡೂ ಕಡೆ ಏನೂ ಆಗಲಿಲ್ಲ. ನಮ್ಮ ಮಟ್ಟಿಗೆ ಅದೇ ದೊಡ್ಡ ಸುದ್ದಿ. ಎರಡನೇ ಅರ್ಧದಲ್ಲಿ ದಿಕ್ಕು ಬದಲಾಗಿ, ನಮ್ಮವರು ಹೊಡೆಯಬೇಕಾದದ್ದು ಶಿವಸಂಗಪ್ಪನ ಬಲೆಗೆ. ಅದರ ಹಿಂದೆ ಬೇವಿನ ಮರವಿತ್ತು. ನೆರಳು ಹುಡುಕಿಕೊಂಡು ಕಾಳವ್ವ ಮತ್ತು ಕಾಸಿಂಬಿ ಅಲ್ಲೇ ಕೂತಿದ್ದರು.

ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಚೆಂಡು ಮುತ್ತುರಾಜನ ಕಾಲಿಗೆ ಬಂತು. ಒದ್ದ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅದು ಮೇಲೆ ಹೋಗಲಿಲ್ಲ. ಅಡ್ಡಕಂಬದ ಕೆಳಗೆ ನೇರ ಒಳಗೆ ಹೋಯಿತು. ಹೋಗಿ ಬಲೆಗೆ ಧಡ್ಡನೆ ಬಡಿಯಿತು. ಬಡಿದು, ಗೋಡೆಗೆ ಹೊಡೆದಂತೆ, ಹೋದದ್ದಕ್ಕಿಂತ ಜೋರಾಗಿ ಹೊರಗೆ ಬಂತು. ಮುತ್ತುರಾಜನ ತಲೆಯ ಮೇಲೆ ಹಾದು ಮೈದಾನದ ನಡುವೆ ಬಿತ್ತು.

ರೆಫರಿ ದೂರವಿದ್ದ. ಕಂಬಕ್ಕೆ ಬಡಿದು ಬಂತೆಂದು ತಿಳಿದು ಆಡಿರಿ ಎಂದು ಕೈಬೀಸಿದ. ಗೆರೆಯ ಮೇಲಿದ್ದವನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ನಮ್ಮ ಹುಡುಗರಿಗೆ ಇದ್ಯಾವುದೂ ಗೊತ್ತಿಲ್ಲ; ಗೋಲು ಹೊಡೆದ ಮೇಲೆ ಏನು ಮಾಡಬೇಕೆಂಬ ರೂಢಿಯಾದರೂ ಎಲ್ಲಿತ್ತು ಅವರಿಗೆ? ಎಲ್ಲರೂ ಮುತ್ತುರಾಜನ ಮೇಲೆ ಬಿದ್ದು ಅಪ್ಪಿಕೊಂಡು ಕುಣಿದರು. ಗೋಲ್‌ಕೀಪರನೂ ಆ ತುದಿಯಿಂದ ಓಡಿ ಬಂದು ಕೂಡಿಕೊಂಡ. ಬಾಗಲಕೋಟೆಯ ಒಬ್ಬ ಹುಡುಗ ನಡುವೆ ಬಿದ್ದ ಚೆಂಡನ್ನು ಕಾಲಲ್ಲಿ ತಳ್ಳುತ್ತ, ಸಂಜೆ ತಿರುಗಾಡಲು ಹೊರಟವನಂತೆ ಸಾವಕಾಶ ಹೋಗಿ, ಖಾಲಿ ಗೋಲಿನೊಳಗೆ ಬಿಟ್ಟ. ಹಳೆಯ ಬಲೆಯಲ್ಲಿ ಅದು ದೊಡ್ಡ ಮೀನಿನಂತೆ ಸುಮ್ಮನೆ ಕೂತಿತು.

ಒಂದು, ಸೊನ್ನೆ. ನಮ್ಮವರು ಕೂಗಾಡಿದರು, ರೆಫರಿ ಕೇಳಲಿಲ್ಲ. ನಡುಗೆರೆಯ ಬಳಿ ಕೂತಿದ್ದ ಶಿವಸಂಗಪ್ಪನಿಗೂ ಕಂಬಕ್ಕೆ ಬಡಿದಂತೆಯೇ ಕಂಡಿತ್ತು. ಊಟದ ಹೊತ್ತಿಗೆ ಮನೆ.

ಟೆಂಪೋದಲ್ಲಿ ಶಿವಸಂಗಪ್ಪ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈರೂಢಿಯಿಂದ ಸೀರೆಯ ಹಾಗೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮನೆಗೆ ಬಂದು ಶೇಂಗಾದ ಡಬ್ಬಿ ತೊಳೆದು ಕಾಳವ್ವನ ಕೈಗೆ ಕೊಟ್ಟ.

“ಒಳಗ ಇಡು. ಇನ್ನ ಬೇಕಾಗಾಂಗಿಲ್ಲ.”

ಮರುದಿನ ನಸುಕಿನಲ್ಲೇ ಮಗ್ಗದ ಸಪ್ಪಳ ಶುರುವಾಯಿತು. ಅದರ ಮರುದಿನವೂ. ಕಾಳವ್ವ ಹದಿನೈದು ದಿನ ಬಯಸಿದ ಸಪ್ಪಳ. ಆದರೆ ಅದರ ಜೊತೆ ಬರುತ್ತಿದ್ದ ಮಾತು ಇರಲಿಲ್ಲ. ಪಲ್ಯಕ್ಕೆ ಉಪ್ಪು ಬಿದ್ದಿಲ್ಲವೆಂದೂ ಅನ್ನದೆ ತಿಂದು ಎದ್ದ. ಮೂರನೇ ದಿನ ಅಂದಾನಪ್ಪ ಬಂದ. ಅವನ ಬಾಕಿನ ಮೇಲೆ ಮಾತಿಲ್ಲದೆ ಗಿರಾಕಿಗಳು ಒಂದೇ ಕಪ್ಪಿಗೆ ಎದ್ದು ಹೋಗುತ್ತಿದ್ದರು.

“ಏನಪಾ ಶಿವಸಂಗಪ್ಪ, ಮುಂದಿನ ವರ್ಷ ಕಪ್ಪು ಯಾರ್ದು?”

“ಅದ ನಿಮಗ ಗೊತ್ತು. ನಾ ಬರಾಂಗಿಲ್ಲ. ಲಾಳಿ ಮುಟ್ಟೀನಿ, ಗೋಲು ಆಗಲಿಲ್ಲ. ಮುಗೀತು.”

ರಾಟಿ ನಿಂತಿತು.

“ಆಗೇತಿ,” ಎಂದಳು ಕಾಳವ್ವ.

“ಏನಾಗೇತ್ರಿ ವೈನಿ?” ಎಂದ ಅಂದಾನಪ್ಪ.

“ಗೋಲು. ನಾ ನೆಟ್ಟಿನ ಹಿಂದ ಕುಂತಿದ್ದೆ. ಬಾಲು ಒಳಗ ಬಂತು, ನನ್ನ ಮೂಗಿನ ಮುಂದ ಮಾರಿ ತೋರಿಸಿ ತಿರುಗಿ ಹೋತು. ಕಾಸಿಂಬಿ ಅಂಜಿ ನನ್ನ ತೊಡಿ ಹಿಡಕೊಂಡಿದ್ಲು, ಆಕಿನ್ನ ಕೇಳ್ರಿ ಬೇಕಾದ್ರ.”

“ಅವತ್ತ ಯಾಕ ಹೇಳಲಿಲ್ಲ?” ಎಂದ ಶಿವಸಂಗಪ್ಪ.

“ಯಾರು ಕೇಳಿದ್ರು ನನ್ನ? ರೆಫರಿ ಕೇಳಿದ್ನ? ನಾನೂ ಗೆದ್ದೆ ಅಂತ ಸುಮ್ಮನಾದೆ. ಮೂರು ದಿನ ನೋಡಿದೆ. ಇವ್ರು ಬಾಯಿ ಮುಚ್ಚಿದ್ರ ಮನಿ ಭಣಭಣ ಅಂತೈತಿ. ಖರೆ ಅಂದ್ರ ಖರೆ, ಗೋಲು ಆಗೇತಿ.” ಅವಳು ಒಳಗೆ ಹೋಗಿ ಡಬ್ಬಿ ತಂದು ಮಗ್ಗದ ಪಕ್ಕ ಇಟ್ಟಳು. “ಮುಂದಿನ ವರ್ಷನೂ ಹೋಗ್ರಿ ಕ್ಯಾಂಪಿಗೆ. ನೆಟ್ಟು ಮಾತ್ರ ಕಟ್ಟಬ್ಯಾಡ್ರಿ.”

ಶಿವಸಂಗಪ್ಪ ಡಬ್ಬಿಯನ್ನು ನೋಡಿದ. ಮುಚ್ಚಳ ತೆಗೆದ, ಮುಚ್ಚಿದ. ಅಂದಾನಪ್ಪನಿಗೆ ಸಿಕ್ಕ ಎಳೆ ಬಿಡುವ ಮನಸ್ಸಿಲ್ಲ.

“ಹಂಗಾರ ತಪ್ಪು ಪೂರಾ ನಿಂದ ಆತಲ್ಲಲೇ! ಹತ್ತು ವರ್ಷದಾಗ ಹುಡುಗ್ರು ಒಂದ ಗೋಲು ಹೊಡದಿದ್ರು, ಅದನ್ನ ನೀನ ಹೊರಗ ಒಗದಿ. ನಿನ್ನ ನೆಟ್ಟು ಬಿಗಿ ಆಗಿ ಊರ ಮಾನ ಹೋತು!”

ಶಿವಸಂಗಪ್ಪ ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಎಸೆದು ಹಿಡಿದ. ಮೂರು ದಿನದಲ್ಲಿ ಮೊದಲ ಸಲ ಅವನ ಮೀಸೆ ಅಲುಗಿತು.

“ಲೇ ಅಂದಾನಪ್ಪ, ಹತ್ತು ವರ್ಷ ನಾವು ಹೊಡಿಯೂ ಕಡೀ ಕಂಬಕ್ಕ ನೆಟ್ಟು ಕಟ್ಟದ ಬಿಟ್ಟಿದ್ರೂ ನಮಗ ನಡೀತಿತ್ತು. ಈ ವರ್ಷ ಅದು ಬಿಗಿ ಐತಿ ಅಂತ ನಮ್ಮ ಟೀಮು ಬಾಲು ಮುಟ್ಟಿಸಿ ಕಂಡುಹಿಡದೈತಿ. ಸುಧಾರಿಸ್ಯಾರೋ ಇಲ್ಲೋ ನೀನ ಹೇಳು!”